ಹಿತ್ತಿಲ ಚಪ್ಪಡಿಯ ಕೆಳಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆ ಕಟ್ಟಿದವರೆಲ್ಲ ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ತೇಗದ ಬಾಗಿಲು ತೋರಿಸುತ್ತಾರೆ, ದೇವರ ಮನೆ ತೋರಿಸುತ್ತಾರೆ, ಅಡುಗೆ ಮನೆಯ ಗ್ರಾನೈಟ್ ಕಟ್ಟೆ ತೋರಿಸುತ್ತಾರೆ. ‘ಬನ್ನಿ, ನಮ್ಮ ಸೆಪ್ಟಿಕ್ ಟ್ಯಾಂಕ್ ನೋಡಿ’ ಎಂದು ಹಿತ್ತಿಲಿಗೆ ಕರೆದೊಯ್ದವರನ್ನು ನಾನಂತೂ ಕಂಡಿಲ್ಲ.

ನಾನೂ ಕರೆದೊಯ್ಯಲಿಲ್ಲ. 1999ರಲ್ಲಿ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದಾಗ, ಕಿಟಕಿ ಯಾವ ದಿಕ್ಕಿಗಿರಬೇಕು ಎಂದು ತಿಂಗಳುಗಟ್ಟಲೆ ಚರ್ಚಿಸಿದವನು ಮಲಗುಂಡಿಯ ಮಾತು ಬಂದಾಗ ಐದು ನಿಮಿಷವನ್ನೂ ಕೊಡಲಿಲ್ಲ. ‘ತಳಕ್ಕೆ ಕಾಂಕ್ರೀಟ್ ಯಾಕೆ ಸಾರ್, ದುಡ್ಡು ದಂಡ. ಹಂಗೇ ಬಿಡಿ, ನೀರು ಇಂಗ್ಕೊಂಡು ಹೋಗುತ್ತೆ. ಇಪ್ಪತ್ತು ವರ್ಷ ಮುಟ್ಟೋ ಹಂಗಿಲ್ಲ’ ಎಂದರು ಮೇಸ್ತ್ರಿ. ಸರಿ ಎಂದೆ. ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿದರು. ನಾನು ಅದನ್ನು ಮರೆತೆ.

ಅದು ನನ್ನನ್ನು ಮರೆಯಲಿಲ್ಲ. 2011ರ ಮಳೆಗಾಲದಲ್ಲಿ ಕಕ್ಕಸಿನ ನೀರು ಇಳಿಯದೆ ನಿಲ್ಲತೊಡಗಿತು. ಹಿತ್ತಿಲಲ್ಲಿ ವಾಸನೆ. ಅದೇ ತಿಂಗಳು ಎಂಟನೇ ತರಗತಿಯಲ್ಲಿದ್ದ ಮಗಳಿಗೆ ಕಾಮಾಲೆ ಬಂತು. ಪಕ್ಕದ ಮನೆಯ ಅಜ್ಜಿಯ ಮೊಮ್ಮಗ ಆಗಲೇ ಕಾಮಾಲೆಯಿಂದ ಮಲಗಿದ್ದ. ಎರಡು ಮನೆಯವರೂ ಕುಡಿಯುತ್ತಿದ್ದುದು ಅಜ್ಜಿಯ ಮನೆಯ ಬಾವಿಯ ನೀರು. ಆ ಬಾವಿಗೂ ನಮ್ಮ ಗುಂಡಿಗೂ ನಡುವೆ ಇದ್ದದ್ದು 25 ಅಡಿ.

ಗುಂಡಿ ಖಾಲಿ ಮಾಡಲು ಯಾರೋ ಒಬ್ಬರನ್ನು ಕರೆತಂದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಹಗ್ಗ. ‘ಮೊದಲು ಒಂದು ಕ್ವಾರ್ಟರ್‌ಗೆ ದುಡ್ಡು ಕೊಡಿ ಸಾರ್. ಕುಡೀದೆ ಇದರೊಳಗೆ ಇಳಿಯೋಕಾಗಲ್ಲ’ ಎಂದರು. ನಾನು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಚಪ್ಪಡಿ ಸರಿಯಿತು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು.

ಆ ವಾಸನೆ ನನಗೆ ಹೊಸದಲ್ಲ. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದ ಮೂಲೆಯಲ್ಲಿ ಕಿಪ್ಸ್ ಅಪರೇಟಸ್ ಎಂಬ ಗಾಜಿನ ಉಪಕರಣವಿತ್ತು. ಕಬ್ಬಿಣದ ಸಲ್ಫೈಡಿನ ಮೇಲೆ ಆಮ್ಲ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ನಮ್ಮ ಅಟೆಂಡರ್ ಕಿಟಕಿಗಳನ್ನೆಲ್ಲ ತೆರೆಯದೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮುಂದೆ ಮೇಷ್ಟ್ರಾದ ಮೇಲೆ ನಾನೇ ಕಪ್ಪು ಹಲಗೆಯ ಮೇಲೆ ವರ್ಷವರ್ಷವೂ ಬರೆದೆ: ಬಣ್ಣವಿಲ್ಲ, ಕೊಳೆತ ಮೊಟ್ಟೆಯ ವಾಸನೆ, ಗಾಳಿಗಿಂತ ಭಾರ, ವಿಷಕಾರಿ. ನಾಲ್ಕು ಗುಣ ಬರೆದವರಿಗೆ ಎರಡು ಅಂಕ. ಗಾಳಿಗಿಂತ ಭಾರ ಎಂದರೆ ಗುಂಡಿಯ ತಳದಲ್ಲಿ ಕಾದು ಕೂತಿರುತ್ತದೆ ಎಂದು ಅರ್ಥ. ಅಲ್ಲಿಗೆ ನಾನೊಬ್ಬ ಮನುಷ್ಯನನ್ನು ಇಳಿಸಲು ಹೊರಟಿದ್ದೆ. ನನ್ನ ವಿದ್ಯೆಗೆ ಎಷ್ಟು ಅಂಕ ಕೊಡೋಣ?

‘ಬೇಡ, ಇಳಿಯಬೇಡಿ’ ಎಂದೆ. ಅವರಿಗೆ ಸಿಟ್ಟು ಬಂತು. ಬಂದ ಕೂಲಿ ತಪ್ಪಿತಲ್ಲ! ದಿನದ ಕೂಲಿ ಕೊಟ್ಟು, ಚಪ್ಪಡಿ ಮುಚ್ಚಿಸಿ, ಪುರಸಭೆಗೆ ಹೋಗಿ ಸಕ್ಕಿಂಗ್ ಯಂತ್ರಕ್ಕೆ ಅರ್ಜಿ ಬರೆದುಕೊಟ್ಟೆ. ಆ ಸಂಜೆಯೇ ಕೂತು, ನನ್ನ ಮನೆಯ ಹಿತ್ತಿಲಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮೊದಲಿನಿಂದ ಓದತೊಡಗಿದೆ. ಓದಿದ್ದನ್ನೂ ಮಾಡಿ ಕಲಿತದ್ದನ್ನೂ ಇಲ್ಲಿ ಹೇಳುತ್ತೇನೆ.

ಒಳಗೆ ನಡೆಯುವುದೇನು?

ಸೆಪ್ಟಿಕ್ ಟ್ಯಾಂಕ್ ಎಂದರೆ ಮೊದಲನೆಯದಾಗಿ ಗುಂಡಿ ಅಲ್ಲ. ಅದು ತಳವೂ ಗೋಡೆಯೂ ಸೋರದ ತೊಟ್ಟಿ. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಜಾನ್ ಲೂಯಿ ಮುರಾ ಎಂಬವರು ಮನೆಯ ಕೊಳಚೆಗೆ ಇಂಥ ತೊಟ್ಟಿ ಕಟ್ಟಿಸಿದರು. ಹಲವು ವರ್ಷಗಳ ಬಳಿಕ ತೆರೆದು ನೋಡಿದಾಗ ಅದು ತುಂಬಿರಲಿಲ್ಲ. ಘನವಸ್ತುವಿನ ಬಹುಪಾಲು ಕರಗಿಹೋಗಿತ್ತು. 1881ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1895ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಡೊನಾಲ್ಡ್ ಕ್ಯಾಮರಾನ್ ಇಂಥದ್ದೇ ದೊಡ್ಡ ತೊಟ್ಟಿ ಕಟ್ಟಿಸಿ ಅದಕ್ಕೆ ‘ಸೆಪ್ಟಿಕ್ ಟ್ಯಾಂಕ್’ ಎಂದು ಹೆಸರಿಟ್ಟರು. ಸೆಪ್ಟಿಕ್ ಎಂದರೆ ಕೊಳೆಯಿಸುವ ಎಂದರ್ಥ.

ಕೊಳೆಯಿಸುವವರು ಯಾರು? ಆಮ್ಲಜನಕವಿಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳು. ಕಕ್ಕಸಿನಿಂದ ಬಂದದ್ದು ತೊಟ್ಟಿಯಲ್ಲಿ ಒಂದೆರಡು ದಿನ ಅಲುಗಾಡದೆ ನಿಲ್ಲುತ್ತದೆ. ಭಾರವಾದದ್ದು ಕೆಳಗಿಳಿದು ಕೆಸರಾಗುತ್ತದೆ. ಹಗುರವಾದದ್ದು, ಜಿಡ್ಡಿನದ್ದು ಮೇಲೆ ತೇಲಿ ಕೆನೆಗಟ್ಟುತ್ತದೆ. ನಡುವೆ ತಿಳಿನೀರು ಉಳಿಯುತ್ತದೆ. ಕೆಸರನ್ನು ಬ್ಯಾಕ್ಟೀರಿಯಾಗಳು ತಿಂದು ಮೀಥೇನ್, ಇಂಗಾಲದ ಡೈ ಆಕ್ಸೈಡ್, ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಬಿಡುತ್ತವೆ. ಗೋಬರ್ ಗ್ಯಾಸ್ ಇರುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವು ಎಷ್ಟೇ ತಿಂದರೂ ತಿನ್ನಲಾಗದ ಶೇಷ ಉಳಿದೇ ಉಳಿಯುತ್ತದೆ. ಆದ್ದರಿಂದ ‘ಎಂದೂ ತುಂಬದ ಟ್ಯಾಂಕ್’ ಎಂಬುದು ಜಗತ್ತಿನಲ್ಲಿಲ್ಲ.

ಹೊಸ ತೊಟ್ಟಿಯನ್ನು ಬಳಸುವ ಮುನ್ನ ಹೊರದಾರಿಯ ಮಟ್ಟದವರೆಗೆ ನೀರು ತುಂಬಿಸಿ, ಹಳೆಯ ತೊಟ್ಟಿಯ ಕೆಸರನ್ನೋ ಚೆನ್ನಾಗಿ ಕೊಳೆತ ಸಗಣಿಯನ್ನೋ ಸ್ವಲ್ಪ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು.

ಅಳತೆಯ ಲೆಕ್ಕ

ಮನೆ ಕಟ್ಟುವ ತಂದೆತಾಯಂದಿರು ಇದನ್ನು ಬರೆದಿಟ್ಟುಕೊಳ್ಳಬೇಕು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 2470 ಎಂಬ ಸಂಹಿತೆ ಇದಕ್ಕೆಂದೇ ಇದೆ. ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸುವುದಾದರೆ, ಐದು ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳ. ಗುಣಿಸಿ ನೋಡಿ: 1,125 ಲೀಟರ್. ಹತ್ತು ಜನರಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, 1 ಮೀಟರ್ ಆಳ. ಅಂದರೆ 1,800 ಲೀಟರ್. ನೀರಿನ ಮೇಲೆ ಒಂದಡಿಯಷ್ಟು ಖಾಲಿ ಜಾಗ ಬೇರೆ ಬಿಡಬೇಕು. 2,000 ಲೀಟರ್ ಮೀರಿದರೆ ನಡುವೆ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಬೇಕು. ಮೊದಲಿನದು ಮೂರರಲ್ಲಿ ಎರಡು ಪಾಲು, ಎರಡನೆಯದು ಒಂದು ಪಾಲು.

ಚೌಕದ ತೊಟ್ಟಿಗಿಂತ ಉದ್ದನೆಯ ತೊಟ್ಟಿ ಏಕೆ? ಒಳಬಂದ ನೀರು ಹೊರದಾರಿ ತಲುಪುವಷ್ಟರಲ್ಲಿ ಕೆಸರು ತಳಕ್ಕಿಳಿಯಲು ಸಮಯ ಸಿಗಬೇಕು. ಅದಕ್ಕೇ ಒಳದಾರಿಯಲ್ಲೂ ಹೊರದಾರಿಯಲ್ಲೂ ಇಂಗ್ಲಿಷಿನ ‘ಟಿ’ ಆಕಾರದ ಕೊಳವೆ ಹಾಕುತ್ತಾರೆ. ಒಳದಾರಿಯ ‘ಟಿ’ ನೀರಿನ ರಭಸವನ್ನು ತಡೆಯುತ್ತದೆ. ಹೊರದಾರಿಯ ‘ಟಿ’ ಕೆನೆಯ ಕೆಳಗಿನವರೆಗೆ ಇಳಿದು ನಡುವಿನ ತಿಳಿನೀರನ್ನಷ್ಟೇ ಹೊರಬಿಡುತ್ತದೆ. ಹೊರದಾರಿ ಒಳದಾರಿಗಿಂತ ಎರಡಂಗುಲವಾದರೂ ತಗ್ಗಿರಬೇಕು. ಅನಿಲ ಹೋಗಲು ಕನಿಷ್ಠ ಎರಡಂಗುಲ ವ್ಯಾಸದ ಗಾಳಿ ಕೊಳವೆ ಮನೆಯ ಚಾವಣಿಗಿಂತ ಮೇಲಕ್ಕಿರಬೇಕು. ಅದರ ಬಾಯಿಗೆ ಸೊಳ್ಳೆ ಬಲೆ ಕಟ್ಟಬೇಕು. ಕೊನೆಯದಾಗಿ, ಚಪ್ಪಡಿಯಲ್ಲಿ ತೆರೆಯಲು ಬರುವ ಮುಚ್ಚಳವಿರಬೇಕು. ಮುಚ್ಚಳದ ಮೇಲೆ ಟೈಲ್ಸ್ ಹಾಸಿ, ಕಾರು ನಿಲ್ಲಿಸಿ, ಹತ್ತು ವರ್ಷದ ಮೇಲೆ ‘ಎಲ್ಲಿತ್ತು?’ ಎಂದು ಹುಡುಕುವ ಮನೆಗಳು ನಮ್ಮ ಬೀದಿಯಲ್ಲೇ ಮೂರಿವೆ.

ಸ್ನಾನದ, ಅಡುಗೆ ಮನೆಯ ನೀರನ್ನು ಇದೇ ತೊಟ್ಟಿಗೆ ಬಿಡಬಾರದೇ? ಮೇಲಿನ ಸಣ್ಣ ಅಳತೆಯ ತೊಟ್ಟಿಗೆ ಬಿಡಬೇಡಿ. ಬಟ್ಟೆ ಒಗೆದ ದಿನ ನೂರಾರು ಲೀಟರ್ ಒಮ್ಮೆಲೇ ನುಗ್ಗಿದರೆ ತಳದ ಕೆಸರು ಕದಡಿ ಹೊರದಾರಿಗೆ ಬರುತ್ತದೆ. ಆ ನೀರನ್ನು ಬೇರೆಯಾಗಿ ಬಾಳೆ, ಕೆಸುವಿನ ಬುಡಕ್ಕೆ ಬಿಡುವ ನಮ್ಮ ಹಳೆಯ ಪದ್ಧತಿಯೇ ಒಳ್ಳೆಯದು.

ಉಳಿದರ್ಧ ಕೆಲಸ ಮಣ್ಣಿನದು

ಬಹಳ ಜನ ಎಡವುವುದು ಇಲ್ಲಿ. ತೊಟ್ಟಿಯಿಂದ ಹೊರಬರುವ ನೀರು ನೋಡಲು ತಿಳಿ, ಆದರೆ ಶುದ್ಧವಲ್ಲ. ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿಗಳ ಸೂಕ್ಷ್ಮಾಣುಗಳು ಅದರಲ್ಲಿ ಜೀವಂತವಾಗಿಯೇ ಇರುತ್ತವೆ. ತೊಟ್ಟಿಯದು ಅರ್ಧ ಕೆಲಸ. ಉಳಿದದ್ದನ್ನು ಮಾಡುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ನೀರು ಮಣ್ಣಿನ ಕಣಗಳ ನಡುವೆ ನಿಧಾನವಾಗಿ ಜಿನುಗುವಾಗ ರೋಗಾಣುಗಳು ಸೋಸಿಹೋಗುತ್ತವೆ, ಕಣಗಳಿಗೆ ಅಂಟಿಕೊಳ್ಳುತ್ತವೆ, ಮಣ್ಣಿನ ಇತರ ಜೀವಿಗಳಿಗೆ ಆಹಾರವಾಗುತ್ತವೆ. ತೊಟ್ಟಿಯ ನೀರನ್ನು ರಸ್ತೆಯ ಚರಂಡಿಗೆ ಬಿಡುವವರು ಈ ಅರ್ಧ ಕೆಲಸವನ್ನು ಮಾಡಿಸುವುದೇ ಇಲ್ಲ. ಅದನ್ನು ಬೀದಿಯ ಮಕ್ಕಳ ಕಾಲಿಗೆ ಬಿಡುತ್ತಾರೆ.

ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ನೀರು ಸಾಮಾನ್ಯವಾಗಿ ಚೆನ್ನಾಗಿ ಇಂಗುತ್ತದೆ. ವಿಜಯಪುರ, ಗದಗದ ಎರೆಮಣ್ಣು ನೆನೆದರೆ ಉಬ್ಬಿ, ರಂಧ್ರ ಮುಚ್ಚಿ, ನೀರನ್ನು ಬಿಡುವುದೇ ಇಲ್ಲ. ಕರಾವಳಿಯ ಮುರಕಲ್ಲಿನಲ್ಲಿ ಬಿರುಕು, ರಂಧ್ರಗಳು ಹೆಚ್ಚು. ನೀರು ಸೋಸಿಹೋಗುವ ಮೊದಲೇ ದೂರದ ಬಾವಿಗೆ ಹರಿದುಬಿಡಬಹುದು. ಆದ್ದರಿಂದ ಗುಂಡಿ ತೋಡುವ ಮುನ್ನ ಒಂದು ಪರೀಕ್ಷೆ ಮಾಡಿ. ವಿದ್ಯಾರ್ಥಿಗಳೇ ಮಾಡಬಹುದು. ಇಂಗುಗುಂಡಿ ಬರುವ ಜಾಗದಲ್ಲಿ ಒಂದಡಿ ಅಗಲದ ಕುಣಿ ತೋಡಿ, ತಳಕ್ಕೆ ಎರಡಂಗುಲ ಜಲ್ಲಿ ಹಾಕಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಜಲ್ಲಿಯ ಮೇಲೆ ಅರ್ಧ ಅಡಿ ನೀರು ನಿಲ್ಲಿಸಿ, ಅದು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ಅಳೆಯಿರಿ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಆಗುತ್ತದೆ. ಒಂದು ಗಂಟೆಯೊಳಗಾದರೆ ಉದ್ದನೆಯ ಇಂಗುಕಾಲುವೆ ಬೇಕು. ಅದಕ್ಕೂ ನಿಧಾನವಾದರೆ ಆ ಮಣ್ಣನ್ನು ನಂಬಬೇಡಿ, ಎಂಜಿನಿಯರನ್ನು ಕೇಳಿ.

ಅಂತರದ ನಿಯಮವೂ ಅದೇ ಸಂಹಿತೆಯಲ್ಲಿದೆ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು. ಮನೆಯಿಂದ 6 ಮೀಟರ್. ನಮ್ಮದು 25 ಅಡಿ! ಅದೂ ತೊಟ್ಟಿಯಿಲ್ಲದ, ತಳವಿಲ್ಲದ ಗುಂಡಿ. 30×40 ನಿವೇಶನದಲ್ಲಿ ಇಷ್ಟು ಜಾಗ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಥ ಬಡಾವಣೆಗೆ ಒಳಚರಂಡಿಯೇ ಪರಿಹಾರ. ಅದು ಬರುವವರೆಗೆ ಅಲ್ಲಿನ ಬಾವಿ, ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸದೆ ಕುಡಿಯಬಾರದು.

ಮಗಳ ಕಾಮಾಲೆಗೆ ನಮ್ಮ ಗುಂಡಿಯೇ ಕಾರಣ ಎಂದು ನಾನು ಸಾಬೀತು ಮಾಡಲಾರೆ. ಆದರೆ ಬಾವಿಯ ನೀರನ್ನು ಪರೀಕ್ಷಿಸಿದೆ. ಆರೋಗ್ಯ ಸಹಾಯಕರೊಬ್ಬರು ಒಂದು ಪುಟ್ಟ ಸೀಸೆ ಕೊಟ್ಟರು. ಮಂಜಾ, ಮೌರ್ಯ, ರಾವ್ ಎಂಬ ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಅಗ್ಗದ ವಿಧಾನವದು. ಸೀಸೆಯಲ್ಲಿ ರಾಸಾಯನಿಕ ಹೀರಿದ ಕಾಗದದ ಚೂರು ಇರುತ್ತದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಬ್ಯಾಕ್ಟೀರಿಯಾ ಇದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಕಾಗದದಲ್ಲಿರುವ ಕಬ್ಬಿಣದೊಡನೆ ಸೇರಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ನೋಡಿ ತಮಾಷೆ: ಕಿಪ್ಸ್ ಅಪರೇಟಸ್‌ನಲ್ಲಿ ಕಬ್ಬಿಣದ ಸಲ್ಫೈಡಿನಿಂದ ಅನಿಲ, ಇಲ್ಲಿ ಅನಿಲದಿಂದ ಕಬ್ಬಿಣದ ಸಲ್ಫೈಡ್. ಮರುದಿನ ಸಂಜೆಗೆ ನಮ್ಮ ಸೀಸೆ ಶಾಯಿಯಂತೆ ಕಪ್ಪಾಗಿತ್ತು. ಅದನ್ನು ಹಿಡಿದು ಅಜ್ಜಿಯ ಮನೆಯ ಮೆಟ್ಟಿಲು ಹತ್ತಿದಾಗ ನನಗೆ ಮಾತು ಹೊರಡಲಿಲ್ಲ. ‘ಇರಲಿ ಬಿಡಿ ಮೇಷ್ಟ್ರೇ, ಗೊತ್ತಾಯ್ತಲ್ಲ’ ಎಂದರು ಅವರು.

ಆರೈಕೆ ಎಂಬುದೊಂದಿದೆ

ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳು ಸಂಬಳ ಕೇಳದ ಆಳುಗಳು. ಅವನ್ನು ಕೊಲ್ಲದಿದ್ದರೆ ಸಾಕು. ಕಕ್ಕಸು ಬೆಳ್ಳಗಾಗಲೆಂದು ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿಗಳನ್ನು ಬಕೆಟ್ಟುಗಟ್ಟಲೆ ಸುರಿದರೆ ಅವು ಸಾಯುತ್ತವೆ. ಸಾಬೂನಿನ ನೀರು, ಬ್ರಷ್ಷು, ತೋಳಿನ ಬಲ ಸಾಕು. ಸ್ಯಾನಿಟರಿ ಪ್ಯಾಡ್, ಬಟ್ಟೆ, ಪ್ಲಾಸ್ಟಿಕ್, ಸಿಗರೇಟಿನ ತುಂಡು, ಕೂದಲು ಇವು ಕೊಳೆಯುವುದಿಲ್ಲ, ಕೊಳವೆ ಕಟ್ಟುತ್ತವೆ. ಅಂಗಡಿಯಲ್ಲಿ ಸಿಗುವ ‘ಟ್ಯಾಂಕ್ ಪುಡಿ’ ಹಾಕಿದರೆ ಎಂದೂ ಖಾಲಿ ಮಾಡಿಸಬೇಕಿಲ್ಲ ಎಂಬ ಮಾತನ್ನು ನಂಬಬೇಡಿ. ಬೇಕಾದ ಬ್ಯಾಕ್ಟೀರಿಯಾ ನಾವು ದಿನವೂ ಕಳಿಸುವುದರಲ್ಲೇ ಧಾರಾಳವಾಗಿವೆ.

ಯಾವಾಗ ಖಾಲಿ ಮಾಡಿಸಬೇಕು? ಉಕ್ಕಿ ಬಂದಾಗ ಅಲ್ಲ. ಕೆಸರೂ ಕೆನೆಯೂ ಸೇರಿ ನೀರಿನ ಆಳದ ಮೂರರಲ್ಲೊಂದು ಭಾಗ ತುಂಬಿದಾಗ. ಉದ್ದನೆಯ ಕೋಲಿಗೆ ಬಿಳಿ ಟವೆಲ್ ಸುತ್ತಿ, ಮುಚ್ಚಳದಿಂದ ನಿಧಾನವಾಗಿ ತಳ ಮುಟ್ಟಿಸಿ, ಕೆಲವು ನಿಮಿಷ ಬಿಟ್ಟು ಮೇಲೆತ್ತಿದರೆ ಕೆಸರು ಎಲ್ಲಿಯವರೆಗಿದೆ ಎಂಬುದನ್ನು ಕಪ್ಪು ಗುರುತು ತೋರಿಸುತ್ತದೆ. ಇದು ದೊಡ್ಡವರ ಕೆಲಸ. ಮುಚ್ಚಳ ತೆರೆದು ಸ್ವಲ್ಪ ಹೊತ್ತು ದೂರ ನಿಂತು, ಗಾಳಿಗೆ ಬೆನ್ನು ಮಾಡಿ ಅಳೆಯಬೇಕು; ಬಾಗಿ ಇಣುಕಬಾರದು; ಹತ್ತಿರ ಮಕ್ಕಳೂ ಬೇಡ, ಬೀಡಿಯ ಬೆಂಕಿಯೂ ಬೇಡ. ಯಂತ್ರ ಬಂದಾಗ ತಳದಲ್ಲಿ ಒಂದಂಗುಲ ಕೆಸರು ಉಳಿಸಲು ಹೇಳಿ. ಮುಂದಿನ ಹೆಪ್ಪಿಗೆ ಅದೇ ಸಾಕು.

ಹಳ್ಳಿಯ ಚಿಕ್ಕ ಮನೆಗಳಿಗೆ ಇನ್ನೊಂದು ಸರಳ ದಾರಿ ಇದೆ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಹೇಳಿದ ಜೋಡಿಗುಂಡಿ ಕಕ್ಕಸು. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ದಾರಿ ತಿರುಗಿಸುತ್ತಾರೆ. ಮುಚ್ಚಿದ್ದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಾವಿಯಿಂದ ದೂರವಿರಬೇಕು ಎಂಬುದು ಅದಕ್ಕೂ ಸಲ್ಲುತ್ತದೆ.

ಇಳಿಯಬಾರದು, ಇಳಿಸಬಾರದು

ಹೈಡ್ರೋಜನ್ ಸಲ್ಫೈಡಿನ ನಾಲ್ಕು ಗುಣಗಳನ್ನು ಹೇಳಿದೆ. ಪಠ್ಯದಲ್ಲಿ ಇರದ ಐದನೆಯದೊಂದಿದೆ. ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 100 ಭಾಗ ತಲುಪಿದರೆ ನಮ್ಮ ಮೂಗು ಮರಗಟ್ಟುತ್ತದೆ. ವಾಸನೆ ನಿಂತುಹೋಗುತ್ತದೆ. ‘ಈಗ ಗ್ಯಾಸ್ ಹೋಯ್ತು’ ಎಂದುಕೊಂಡು ಇಳಿಯುವುದು ಆಗಲೇ. ಕೆಸರನ್ನು ಕದಡಿದರಂತೂ, ಸೋಡಾ ಬಾಟಲಿ ಅಲುಗಿಸಿದಂತೆ, ಒಳಗೆ ಅಡಗಿದ್ದ ಅನಿಲ ಒಮ್ಮೆಲೇ ಏಳುತ್ತದೆ. 500ರಿಂದ 1,000 ಭಾಗ ಮುಟ್ಟಿದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಬಹುದು. ಹಳೆಯ ಬಾವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ಸೆಪ್ಟಿಕ್ ಟ್ಯಾಂಕಿಗೆ ಅದನ್ನು ಮಾಡಲೇಬಾರದು: ಅಲ್ಲಿ ಮೀಥೇನ್ ಇದೆ, ಹೊತ್ತಿಕೊಳ್ಳುತ್ತದೆ.

ಒಬ್ಬ ಬಿದ್ದರೆ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಒಂದೇ ಗುಂಡಿಯಲ್ಲಿ ಎರಡು ಮೂರು ಜನ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ನೀವೂ ಓದಿದ್ದೀರಿ. ಅಂಥ ಹೊತ್ತಿನಲ್ಲಿ ಇಳಿಯದೆ, 112ಕ್ಕೆ ಫೋನ್ ಮಾಡಿ ಉಸಿರಾಟದ ಉಪಕರಣವಿರುವ ಅಗ್ನಿಶಾಮಕ ದಳವನ್ನು ಕರೆಸಬೇಕು.

ಮಲ ಹೊರುವ ಪದ್ಧತಿಯನ್ನು ನಿಲ್ಲಿಸಬೇಕೆಂದು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ದಿಟ್ಟ ಹೆಜ್ಜೆ ಇಟ್ಟಿದ್ದರು. ದೇಶಕ್ಕೆ ಮೊದಲ ಕಾಯ್ದೆ ಬಂದದ್ದು 1993ರಲ್ಲಿ. 2013ರ ಕಾಯ್ದೆ ಇನ್ನೂ ಬಿಗಿಯಾದದ್ದು. ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದವರಿಗೆ, ಅದು ಪುರಸಭೆಯಾಗಲಿ ಮನೆಯ ಯಜಮಾನನಾಗಲಿ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2011ರ ಆ ದಿನ ಈ ಕಾಯ್ದೆ ಇನ್ನೂ ಬಂದಿರಲಿಲ್ಲ. ಆದರೆ ಅನಿಲದ ಗುಣ ಕಾಯ್ದೆಗಾಗಿ ಕಾಯುವುದಿಲ್ಲ.

ಯಂತ್ರವನ್ನು ಕರೆಸಿದ ಮೇಲೂ ಒಂದು ಪ್ರಶ್ನೆ ಕೇಳಿ: ಇದನ್ನು ಎಲ್ಲಿ ಸುರಿಯುತ್ತೀರಿ? ಕೆರೆಗೋ ಹಳ್ಳಕ್ಕೋ ಸುರಿದರೆ ನಮ್ಮ ಹಿತ್ತಿಲ ಕೊಳಕು ಇನ್ನೊಬ್ಬರ ಬಾವಿಗೆ ಹೋದಂತೆಯೇ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದೇಶದಲ್ಲೇ ಮೊದಮೊದಲಿನದು. ಲಾರಿ ತಂದ ಕೆಸರನ್ನು ಅಲ್ಲಿ ಕೊಳೆಯಿಸಿ, ಒಣಗಿಸಿ, ಗೊಬ್ಬರಕ್ಕೆ ಬಳಸುತ್ತಾರೆ. ನಿಮ್ಮ ಊರಿನಲ್ಲಿ ಅಂಥದ್ದಿದೆಯೇ ಎಂದು ಪುರಸಭೆಯಲ್ಲಿ ವಿಚಾರಿಸಿ. ಕೇಳುವವರಿದ್ದರೆ ಮಾಡುವವರೂ ಹುಟ್ಟುತ್ತಾರೆ.

2012ರ ಬೇಸಿಗೆಯಲ್ಲಿ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿ ಮುಚ್ಚಿದೆ. ಮುಂದಿನ ಅಂಗಳದಲ್ಲಿ ಬಾವಿಯಿಂದ 60 ಅಡಿ ದಾಟಿದ ಮೂಲೆ ಹುಡುಕಿ, ಹತ್ತು ಜನರ ಅಳತೆಯ ತೊಟ್ಟಿ, ಅದರಾಚೆ ಇಂಗುಗುಂಡಿ ಮಾಡಿಸಿದೆ. ಅದೇ ಮೇಸ್ತ್ರಿ ಕಟ್ಟಿದರು. ಈ ಸಲ ಅಳತೆ ನನ್ನ ಕೈಯಲ್ಲಿತ್ತು. ಅಜ್ಜಿಯ ಬಾವಿಯ ಸೀಸೆ ಮರುವರ್ಷ ಕಪ್ಪಾಗಲಿಲ್ಲ. ಆದರೂ ನೀರನ್ನು ಇಂದಿಗೂ ಕುದಿಸಿಯೇ ಕುಡಿಯುತ್ತೇವೆ. ಮಗಳು ಒಂದೂವರೆ ತಿಂಗಳಲ್ಲಿ ಎದ್ದು ಓಡಾಡಿದಳು.

ಬಕೆಟ್ಟು ಹಿಡಿದು ಬಂದವರನ್ನು ಮತ್ತೆ ಕಾಣಲಿಲ್ಲ. ಅವರ ಹೆಸರನ್ನೂ ನಾನು ಕೇಳಿರಲಿಲ್ಲ.

ತೊಟ್ಟಿಯ ಮುಚ್ಚಳದ ಮೇಲೆ ಹಿಂದಿನ ಸಲ ಖಾಲಿ ಮಾಡಿಸಿದ ತಾರೀಖನ್ನು ಬಣ್ಣದಲ್ಲಿ ಬರೆಸಿದ್ದೇನೆ. ಹತ್ತನೇ ತರಗತಿಯ ಮಕ್ಕಳು ಮನೆಗೆ ಬಂದರೆ ಅದರ ಪಕ್ಕದಲ್ಲಿ ನಿಲ್ಲಿಸಿ ಪಾಠ ಮಾಡುತ್ತೇನೆ. ನೆಂಟರು ಬಂದರೂ ಅಷ್ಟೇ. ಮೊದಲು ಟ್ಯಾಂಕ್ ತೋರಿಸುತ್ತೇನೆ, ದೇವರ ಮನೆ ಆಮೇಲೆ. ‘ನಿಮಗೆ ವಯಸ್ಸಾಯ್ತು’ ಎನ್ನುತ್ತಾಳೆ ನನ್ನಾಕೆ. ಇರಬಹುದು. ಇವತ್ತು ಸಂಜೆ ನೀವೂ ನಿಮ್ಮ ಅಪ್ಪನನ್ನು ಒಂದು ಮಾತು ಕೇಳಿ: ‘ನಮ್ಮ ಮನೆಯದು ಎಲ್ಲಿದೆ? ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು? ಯಾರು ಮಾಡಿದರು?’